ಕುಡಿಯದವರ ಮನೆಯ ಕೊನ್ಯಾಕ್

ನಮ್ಮದು ಕುಡಿಯದವರ ಮನೆ. ಸುಳ್ಯ ತಾಲೂಕಿನ ಅಡಿಕೆ ತೋಟದ ನಡುವೆ ಹುಟ್ಟಿ ಬೆಳೆದೆ, ಬೆಂಗಳೂರಿಗೆ ಬಂದು ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿದೆ, ಮದುವೆಯಾದದ್ದೂ ಕುಡಿಯದವರನ್ನೇ. ಬ್ರಾಂದಿ, ವಿಸ್ಕಿ, ವೈನು ಯಾವುದರ ರುಚಿಯೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಇಂಥ ನನಗೆ ಬಹಳ ಮೆಚ್ಚಿಗೆಯಾದ ಸೆಂಟು ಮಾತ್ರ ಕೊನ್ಯಾಕ್ ಎಂಬ ಬ್ರಾಂದಿಯ ಪರಿಮಳದ್ದು. ಹೆಸರು ಏಂಜಲ್ಸ್ ಶೇರ್. ಕಿಲಿಯಾನ್ ಎಂಬ ಫ್ರೆಂಚ್ ಕಂಪನಿಯವರು 2020ರಲ್ಲಿ ಹೊರತಂದದ್ದು.

ನಾನಾಗಿ ದುಡ್ಡು ಕೊಟ್ಟು ತಂದದ್ದಲ್ಲ. ದುಬೈಯಲ್ಲಿರುವ ದೊಡ್ಡಪ್ಪನ ಮಗ ಊರಿಗೆ ಬರುವಾಗ ನಮ್ಮಲ್ಲಿ ಎರಡು ದಿನ ಉಳಿದಿದ್ದ. ಹೊರಡುವಾಗ, "ಇದು ನನಗೆ ಸ್ವಲ್ಪ ಸಿಹಿ ಜಾಸ್ತಿ ಆಯ್ತು, ನಿನಗೆ ಆಗ್ತದಾ ನೋಡು" ಎಂದು ಮುಕ್ಕಾಲು ತುಂಬಿದ್ದ ಬಾಟಲಿಯನ್ನು ಮೇಜಿನ ಮೇಲೆ ಇಟ್ಟು ಹೋದ. ದಪ್ಪ ಗಾಜು, ಮೈತುಂಬ ಕೊರೆದ ಗೀರು, ಬಾರಿನ ಗ್ಲಾಸಿನದ್ದೇ ಆಕಾರ, ಒಳಗೆ ತೆಳು ಕಣ್ಣಚಹಾದ ಬಣ್ಣ. ಮನೆಗೆಲಸಕ್ಕೆ ಬರುವಾಕೆ ಕಪಾಟು ಒರೆಸುವಾಗ ಅದನ್ನು ಕಂಡು, ದನಿ ತಗ್ಗಿಸಿ, "ಸಾರ್ ತಗೋತಾರಾ ಅಮ್ಮಾ?" ಎಂದು ಕೇಳಿದಳು. ಹೌದೆಂದರೂ ಕಷ್ಟ, ಇಲ್ಲವೆಂದರೂ ಅವಳು ನಂಬುವುದಿಲ್ಲ. ಮುಚ್ಚಳ ತೆಗೆದು ಅವಳ ಮುಂಗೈಗೆ ಒಂದು ಸಲ ಒತ್ತಿದೆ. ಮೂಸಿ ನೋಡಿದಳು, ಇನ್ನೊಮ್ಮೆ ಮೂಸಿದಳು. "ಕೇಕ್ ಅಂಗಡಿ ತರಾ ಇದೆ" ಅಂದಳು. ಅದೂ ಸುಳ್ಳಲ್ಲ.

ಆದರೆ ಈ ಪರಿಮಳದ ಜಾತಕವನ್ನು ಸರಿಯಾಗಿ ಓದಿದವರು ನಮ್ಮ ಸೋದರತ್ತೆ. ಊರಿನಲ್ಲೊಂದು ಮದುವೆ. ರೇಷ್ಮೆ ಸೀರೆಯ ಮೇಲೆ ಸೆಂಟು ಬೀಳದ ಹಾಗೆ ಕುತ್ತಿಗೆಯ ಹಿಂದೆ ಮಾತ್ರ ಹಾಕಿಕೊಂಡು ಹೋಗಿದ್ದೆ. ಹೆಂಗಸರು ಸಾಲಾಗಿ ಕೂತ ಕಡೆ ಅತ್ತೆ ನನ್ನ ಹೆಗಲಿನ ಹತ್ತಿರ ಮುಖ ತಂದು, ಹುಬ್ಬು ಗಂಟು ಹಾಕಿ, "ಎಂತ ಮಗಾ ಇದು, ದಶಮೂಲಾರಿಷ್ಟದ ಪರಿಮಳ! ಈ ಪ್ರಾಯದಲ್ಲಿ ಎಂತದಕ್ಕೆ ಅರಿಷ್ಟ?" ಎಂದು ಕೇಳಿದರು. ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬೆಂಗಳೂರಿಗೆ ಮರಳಿದವಳೇ ಮೊದಲು ಮಾಡಿದ ಕೆಲಸ ಔಷಧಿ ಅಂಗಡಿಯಿಂದ ಅರಿಷ್ಟದ ಬಾಟಲಿ ತಂದು, ಒಂದು ಚಮಚ ಬಗ್ಗಿಸಿ, ಇದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಮೂಸಿದ್ದು. ಅತ್ತೆಯ ಮೂಗಿಗೆ ಕೈ ಮುಗಿಯಬೇಕು.

ನಮ್ಮ ಕಡೆ ಅರಿಷ್ಟ ಕುಡಿಯದ ಬಾಣಂತಿ ಅಪರೂಪ. ಹತ್ತು ಬೇರುಗಳ ಕಷಾಯಕ್ಕೆ ಬೆಲ್ಲ, ಜೇನು, ಒಣದ್ರಾಕ್ಷಿ ಸೇರಿಸಿ, ಧಾತಕಿ ಹೂ ಹಾಕಿ, ಪಾತ್ರೆಯ ಬಾಯಿ ಕಟ್ಟಿ ವಾರಗಟ್ಟಲೆ ಇಡುತ್ತಾರೆ. ಹೂವಿನ ಜತೆ ಬಂದ ಯೀಸ್ಟು ಬೆಲ್ಲವನ್ನು ತಿಂದು ಮದ್ಯಸಾರ ಬಿಡುತ್ತದೆ. ಆ ಮದ್ಯಸಾರ ಬೇರಿನ ಸಾರವನ್ನು ಎಳೆದುಕೊಳ್ಳುತ್ತದೆ, ಔಷಧಿ ಕೆಡದ ಹಾಗೆ ಕಾಯುತ್ತದೆ. ಜತೆಗೆ ಲವಂಗ, ದಾಲ್ಚಿನ್ನಿ, ಏಲಕ್ಕಿ, ಜಾಯಿಕಾಯಿ, ಶ್ರೀಗಂಧ. ತಾನಾಗಿ ಉತ್ಪತ್ತಿಯಾದ ಆಲ್ಕೋಹಾಲ್ ಶೇಕಡಾ ಎಷ್ಟು ಎಂದು ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಮಗ ಹುಟ್ಟಿದಾಗ ಅಮ್ಮ ದಿನಕ್ಕೆ ಎರಡು ಹೊತ್ತು, ಬಿಸಿನೀರು ಬೆರೆಸಿ, ಎದುರು ನಿಂತು ಕುಡಿಸಿದ್ದಳು. ಸೋಮವಾರ ಈರುಳ್ಳಿಯನ್ನೂ ಮುಟ್ಟದ ಅಮ್ಮ! ಆ ಸಣ್ಣಕ್ಷರವನ್ನು ಅವಳು ಓದಿರಲಿಲ್ಲವೋ, ಓದಿಯೂ ಓದದ ಹಾಗಿದ್ದಳೋ, ನಾನು ಕೇಳಲು ಹೋಗಿಲ್ಲ.

ಏಂಜಲ್ಸ್ ಶೇರ್‌ನಲ್ಲಿ ಇರುವುದು ಏನು? ಕೊನ್ಯಾಕ್, ದಾಲ್ಚಿನ್ನಿ, ಟೊಂಕಾ ಬೀಜ, ಓಕ್ ಮರ, ಪ್ರಾಲೀನ್ ಮಿಠಾಯಿ, ವೆನಿಲ್ಲಾ, ಶ್ರೀಗಂಧ. ಬೇರುಗಳ ಕಹಿಯೊಂದನ್ನು ಬಿಟ್ಟರೆ ಅರಿಷ್ಟದ ಪಟ್ಟಿಗೂ ಇದಕ್ಕೂ ಅಂತರ ಕಡಿಮೆ. ಇದನ್ನು ಹದಗೊಳಿಸಿದವರು ಬೆನ್ವಾ ಲಾಪುಯಾದ್ ಎಂಬ ಪರ್ಫ್ಯೂಮರ್. ಕಂಪನಿಯ ಸ್ಥಾಪಕ ಕಿಲಿಯಾನ್ ಹೆನ್ನೆಸಿ. ಹೆನ್ನೆಸಿ ಎಂದ ಕೂಡಲೇ ಕುಡಿಯುವವರಿಗೆ ಗೊತ್ತಾಗುತ್ತದೆ: 1765ರಿಂದ ಕೊನ್ಯಾಕ್ ಮಾಡುತ್ತಾ ಬಂದ ಮನೆತನ ಅದು. ಮೊಮ್ಮಗ ಸೆಂಟಿನ ವ್ಯಾಪಾರಕ್ಕೆ ಇಳಿದು 2007ರಲ್ಲಿ ತನ್ನದೇ ಕಂಪನಿ ಶುರು ಮಾಡಿದ. ಅಜ್ಜಂದಿರ ನೆಲಮಾಳಿಗೆಯ ವಾಸನೆಯನ್ನು ಬಾಟಲಿಗೆ ತುಂಬುವ ಮನಸ್ಸು ಅವನಿಗೆ ಬಂದದ್ದು ಸಹಜವೇ.

ಕೊನ್ಯಾಕ್ ಎಂಬುದು ಫ್ರಾನ್ಸಿನ ನೈಋತ್ಯದ ಒಂದು ಪೇಟೆ. ಅಲ್ಲಿಯ ಬಿಳಿ ದ್ರಾಕ್ಷಿಯ ವೈನನ್ನು ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸಿ, ಓಕ್ ಪೀಪಾಯಿಗೆ ತುಂಬಿ ವರ್ಷಗಟ್ಟಲೆ ಇಡುತ್ತಾರೆ; ಎರಡು ವರ್ಷಕ್ಕೆ ಮೊದಲು ಮಾರುವಂತಿಲ್ಲ. ಮರ ಉಸಿರಾಡುತ್ತದೆ. ವರ್ಷಕ್ಕೆ ಸುಮಾರು ಶೇ. 2ರಷ್ಟು ದ್ರವ ಆವಿಯಾಗಿ ಹೋಗುತ್ತದೆ. ಹೋದದ್ದು ಎಲ್ಲಿಗೆ ಹೋಯಿತು ಎಂದರೆ ದೇವದೂತರು ಕುಡಿದರು ಎನ್ನುತ್ತಾರೆ ಅಲ್ಲಿಯವರು. ಸೆಂಟಿಗೆ ಏಂಜಲ್ಸ್ ಶೇರ್, ಅಂದರೆ ದೇವದೂತರ ಪಾಲು ಎಂಬ ಹೆಸರು ಬಂದದ್ದು ಅದರಿಂದ. ನಿಜವಾಗಿ ಅದನ್ನು ಕುಡಿಯುವುದು ಬೌಡೋಯಿನಿಯಾ ಎಂಬ ಕಪ್ಪು ಶಿಲೀಂಧ್ರ. ಮದ್ಯದ ಆವಿಯನ್ನೇ ನೆಚ್ಚಿ ಅದು ಉಗ್ರಾಣಗಳ ಗೋಡೆ, ಹೆಂಚು, ಸುತ್ತಲ ಮರಗಳ ಮೇಲೆ ಮಸಿ ಹಿಡಿದ ಹಾಗೆ ಹಬ್ಬಿಕೊಂಡಿರುತ್ತದೆ. ಎಲ್ಲಿ ಪೀಪಾಯಿ ಇಟ್ಟಿದ್ದಾರೆಂದು ಗೋಡೆ ನೋಡಿಯೇ ಹೇಳಬಹುದಂತೆ.

ನಷ್ಟದ ಲೆಕ್ಕ ನೋಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಶೇ. 2 ನನ್ನನ್ನು ಸುಮ್ಮನೆ ಬಿಡಲಿಲ್ಲ. ಹುಡುಕಿದರೆ ನಮ್ಮ ಬೆಂಗಳೂರಿನ ಲೆಕ್ಕವೇ ಬೇರೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. ಕಂಪನಿ ಹುಟ್ಟಿದ್ದು 1948ರಲ್ಲಿ, ಅವರ ಸಿಂಗಲ್ ಮಾಲ್ಟ್ ವಿಸ್ಕಿ ಲೋಕದ ಮುಂದೆ ಬಂದದ್ದು 2004ರಲ್ಲಿ, ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಈ ಬಿಸಿಲಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 10ರಿಂದ 12ರಷ್ಟು ಆರಿಹೋಗುತ್ತದೆ. ನಮ್ಮ ದೇವದೂತರು ಹೊಟ್ಟೆಬಾಕರು. ಕಂಪನಿಯವರೂ ಬಿಡಲಿಲ್ಲ, ಎಂಟು ವರ್ಷ ಹಳೆಯದಾದ ವಿಸ್ಕಿಯೊಂದನ್ನು 2013ರಲ್ಲಿ ಹೊರತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್ ಎಂದೇ ಹೆಸರಿಟ್ಟರು. ಹೆಚ್ಚು ಆರುತ್ತದೆ ಎಂದರೆ ಬೇಗ ಹಣ್ಣಾಗುತ್ತದೆ ಎಂದೂ ಅರ್ಥ. ತಂಪು ದೇಶದಲ್ಲಿ ಹತ್ತಾರು ವರ್ಷ ಹಿಡಿಯುವ ಕೆಲಸ ಇಲ್ಲಿ ನಾಲ್ಕೈದು ವರ್ಷಕ್ಕೇ ಮುಗಿಯುತ್ತದೆ. ಮಡಿಕೇರಿ, ಸಂಪಾಜೆ ಮೇಲಾಗಿ ಊರಿಗೆ ಹೋಗುವ ನಮ್ಮ ಬಸ್ಸು ಅದೇ ರಸ್ತೆಯಲ್ಲೇ ಇಷ್ಟು ವರ್ಷ ಓಡಾಡಿದೆ.

ಇನ್ನು ಮೂಲ ವಿಷಯ. ಕುಡಿಯದ ನನಗೆ ಕುಡಿತದ ವಾಸನೆ ಯಾಕೆ ಹಿಡಿಸಿತು? ಉತ್ತರ ಮರದಲ್ಲಿದೆ. ಪೀಪಾಯಿ ಕಟ್ಟುವಾಗ ಓಕ್ ಹಲಗೆಯ ಒಳಮೈಯನ್ನು ಬೆಂಕಿಗೆ ಹಿಡಿದು ಕಂದಿಸುತ್ತಾರೆ. ಶಾಖಕ್ಕೆ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ತೆಂಗಿನಕಾಯಿಯ ಪರಿಮಳ ಕೊಡುವ ಲ್ಯಾಕ್ಟೋನ್ ಓಕಿನಲ್ಲೇ ಇರುತ್ತದೆ. ಇವೆರಡನ್ನೂ ಮದ್ಯಸಾರ ವರ್ಷಗಟ್ಟಲೆ ಹೀರುತ್ತದೆ. ಭಟ್ಟಿಯಿಂದ ಬಂದಾಗ ನೀರಿನ ಹಾಗೆ ಬಣ್ಣವಿಲ್ಲದೆ ಖಾರವಾಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿ ಸಿಹಿ ಪರಿಮಳ ಕಟ್ಟಿಕೊಳ್ಳುವುದು ಹೀಗೆ. ಅಂದರೆ ಒಳ್ಳೆಯ ಬ್ರಾಂದಿಯಲ್ಲಿ ಜನ ಮೂಸಿ ಮೆಚ್ಚುವುದರಲ್ಲಿ ಒಂದು ಪಾಲು ವೆನಿಲ್ಲಾದ್ದು. ವೆನಿಲ್ಲಾ ಎಂದರೆ ನನಗೆ ಐಸ್‌ಕ್ರೀಮ್ ನೆನಪಾಗುವುದಿಲ್ಲ. ನಮ್ಮ ಅಂಗಳ, ಕರಿಕಂಬಳಿ ಮತ್ತು ಅಪ್ಪನ ಟಾರ್ಚು ನೆನಪಾಗುತ್ತದೆ.

2000ನೇ ಇಸವಿಯಲ್ಲಿ ಮಡಗಾಸ್ಕರಿಗೆ ಹುದಾ ಎಂಬ ಚಂಡಮಾರುತ ಬಡಿದು ಅಲ್ಲಿಯ ವೆನಿಲ್ಲಾ ತೋಟಗಳು ನೆಲಕಚ್ಚಿದವು. ಲೋಕದ ವೆನಿಲ್ಲಾದಲ್ಲಿ ಬಹುಪಾಲು ಅಲ್ಲಿಯದ್ದೇ. ದರ ಏರಿತು, ಆ ಏರಿಕೆಯ ಸುದ್ದಿ ಕೇರಳ ದಾಟಿ, ಸುಳ್ಯ, ಪುತ್ತೂರು, ಕೊಡಗು, ಮಲೆನಾಡಿಗೆಲ್ಲ ಹಬ್ಬಿತು. ಅಡಿಕೆಗೆ ದರ ಬಿದ್ದ ಸಮಯ ಬೇರೆ. ಅಪ್ಪನೂ ತೋಟದ ಬದಿಯಲ್ಲಿ ಗ್ಲಿರಿಸಿಡಿಯಾ ಕೋಲು ನೆಟ್ಟು, ಗೇಣುದ್ದಕ್ಕೆ ಇಷ್ಟೆಂದು ದುಡ್ಡು ಕೊಟ್ಟು ಬಳ್ಳಿ ತಂದು ಹಬ್ಬಿಸಿದ. ಬಳ್ಳಿ ಕತ್ತರಿಸುವಾಗ ರಸ ಕೈಗೆ ತಾಗಿದರೆ ತುರಿಕೆ. ಕೆಸುವಿನಲ್ಲಿರುವ ಆಕ್ಸಲೇಟ್ ಹರಳೇ ಅದರಲ್ಲಿಯೂ ಇರುವುದು. ಅಮ್ಮ ತೆಂಗಿನೆಣ್ಣೆ ಹಚ್ಚಿಕೊಂಡೇ ತೋಟಕ್ಕೆ ಇಳಿಯುತ್ತಿದ್ದಳು.

ವೆನಿಲ್ಲಾ ಹೂ ಬೆಳಗ್ಗೆ ಅರಳಿ ಮಧ್ಯಾಹ್ನದ ಒಳಗೆ ಬಾಡುತ್ತದೆ. ಅದರ ತವರು ಮೆಕ್ಸಿಕೋ; ಪರಾಗಸ್ಪರ್ಶ ಮಾಡುವ ಜೇನು ಅಲ್ಲಿಯೇ ಉಳಿಯಿತು, ಬಳ್ಳಿ ಮಾತ್ರ ಹಡಗು ಹತ್ತಿತು. ಹಾಗಾಗಿ ನಮ್ಮಲ್ಲಿ ಹೂವಿಗೊಬ್ಬರು ಮನುಷ್ಯರೇ ಆಗಬೇಕು. ಈ ಕೈಚಳಕವನ್ನು ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಆಗ ಅವನಿಗೆ 12 ವರ್ಷ, ಗುಲಾಮ. ಅವನ ವಿಧಾನವೇ ಸುಳ್ಯದ ತೋಟದಲ್ಲಿಯೂ ನಡೆದದ್ದು. ಹೂವನ್ನು ಎಡಗೈಯಲ್ಲಿ ಹಿಡಿದು, ಚೂಪು ಮಾಡಿದ ತೆಂಗಿನ ಗರಿಯ ಕಡ್ಡಿಯಿಂದ ತುಟಿಯಂಥ ಎಸಳನ್ನು ಸೀಳಬೇಕು. ಒಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ. ಅದನ್ನು ಕಡ್ಡಿಯಲ್ಲಿ ಮೇಲೆತ್ತಿ, ಹೆಬ್ಬೆರಳಿನಲ್ಲಿ ಮೆಲ್ಲ ಒತ್ತಿದರೆ ಮುಗಿಯಿತು. ಮರುದಿನ ಹೂ ಉದುರದೆ ನಿಂತರೆ ಕೆಲಸ ಆಗಿದೆ ಎಂದು ಲೆಕ್ಕ. ಗೊಂಚಲಲ್ಲಿ ದಿನಕ್ಕೆ ಒಂದೋ ಎರಡೋ ಹೂ ಮಾತ್ರ ಅರಳುವುದರಿಂದ ಒಂದು ಬೆಳಗ್ಗೆಯೂ ತಪ್ಪಿಸುವಂತಿಲ್ಲ. "ಪಾಲಿನೇಶನ್ ಉಂಟು" ಎಂದರೆ ಆಗ ಯಾವ ಮದುವೆ, ಮುಂಜಿಗೂ ಬೆಳಗ್ಗೆ ಹೋಗದಿದ್ದರೆ ಕ್ಷಮೆ ಸಿಗುತ್ತಿತ್ತು. ಈ ಕೆಲಸಕ್ಕೆ ಹೆಂಗಸರ ಬೆರಳೇ ಆಗಬೇಕು ಎಂದು ಗಂಡಸರು ತೀರ್ಮಾನ ಮಾಡಿದ್ದರು. ಸೊಂಟ ನೋವು ಯಾರಿಗೆ ಎಂಬುದೂ ಅದರಲ್ಲೇ ತೀರ್ಮಾನವಾಯಿತು.

ಹಸಿ ಕೋಡಿಗೆ ಪರಿಮಳವೇ ಇಲ್ಲ. ಇದನ್ನು ಹೇಳಿದರೆ ಪೇಟೆಯವರು ನಂಬುವುದಿಲ್ಲ. ಬೀನ್ಸಿನ ಹಾಗೆ ಹಸಿರಾಗಿ, ಹುಲ್ಲಿನ ವಾಸನೆ ಹೊತ್ತು, ಒಂಬತ್ತು ತಿಂಗಳು ಬಳ್ಳಿಯಲ್ಲಿ ತೂಗುತ್ತದೆ. ವೆನಿಲಿನ್ ಒಳಗೆ ಸಕ್ಕರೆಗೆ ಅಂಟಿಕೊಂಡು ಕೂತಿರುತ್ತದೆ. ಕೋಡನ್ನು ಸಾಯಿಸಿ, ಬೆವರಿಸಿ, ಒಣಗಿಸಿದರೆ ಮಾತ್ರ ಬಿಡುಗಡೆ. ಹೆಚ್ಚಿನವರು ಹಸಿಯಾಗಿಯೇ ಮಾರಿದರು. ಅಪ್ಪನಿಗೆ ಹಠ, ಒಂದು ಪಾಲು ಮನೆಯಲ್ಲೇ ಸಂಸ್ಕರಿಸಿದ. ಹಂಡೆಯಲ್ಲಿ ನೀರು ಕಾಯಿಸಿ, ಥರ್ಮಾಮೀಟರ್ ಇಳಿಬಿಟ್ಟು, 63ರಿಂದ 65 ಡಿಗ್ರಿಯಲ್ಲಿ ಕೋಡುಗಳನ್ನು ಮೂರು ನಿಮಿಷ ಮುಳುಗಿಸಿ ತೆಗೆಯುವುದು. ಬಿಸಿ ಆರುವ ಮೊದಲೇ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ತುಂಬುವುದು. ಬೆಳಗಾಗುವಾಗ ಕೋಡು ಬೆವತು ಚಾಕಲೇಟ್ ಬಣ್ಣಕ್ಕೆ ತಿರುಗಿರುತ್ತಿತ್ತು. ಆಮೇಲೆ ದಿನಾ ಕೆಲವು ಗಂಟೆ ಬಿಸಿಲು, ಮತ್ತೆ ಕಂಬಳಿ, ಮತ್ತೆ ಪೆಟ್ಟಿಗೆ. ಆಮೇಲೆ ವಾರಗಟ್ಟಲೆ ನೆರಳು. ಆರು ಕಿಲೋ ಹಸಿ ಕೋಡು ಒಣಗಿ ಒಂದು ಕಿಲೋ ಆಗುತ್ತದೆ.

ಆ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುತ್ತಿದ್ದದ್ದು ಐಸ್‌ಕ್ರೀಮಿನ ವೆನಿಲ್ಲಾ ಅಲ್ಲ. ಮೊದಲ ಕೆಲವು ದಿನ ಬೇಯಿಸಿದ ತರಕಾರಿಯ ವಾಸನೆ. ಆಮೇಲೆ ಒಣದ್ರಾಕ್ಷಿ, ಹಳೆಯ ಬೆಲ್ಲ, ಹುಳಿ ಹಿಡಿಯಲು ಹೊರಟ ಹಣ್ಣು, ಸ್ವಲ್ಪ ಚರ್ಮ, ಸ್ವಲ್ಪ ಹೊಗೆಸೊಪ್ಪು. ಕೊನೆಗೆ, ತಿಂಗಳು ಕಳೆದ ಮೇಲೆ, ಮೂಗಿಗೆ ಜುಮ್ಮೆನ್ನಿಸುವ ಒಂದು ಅಮಲಿನ ಎಳೆ. ಕುಡಿಯದ ಮನೆಯ ಉಪ್ಪರಿಗೆಯಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ ಆ ಎಳೆ ಸುಮಾರು ಎರಡು ಮಳೆಗಾಲ ಸುಳಿದಾಡಿತು. ಕಳ್ಳರ ಕಾಟ ಎದ್ದಿದ್ದರಿಂದ ಅಪ್ಪ ಟಾರ್ಚು ಹಿಡಿದು ರಾತ್ರಿ ತೋಟದಲ್ಲಿ ಮಲಗುತ್ತಿದ್ದ. ಆಮೇಲೆ ಮಡಗಾಸ್ಕರ್ ಚೇತರಿಸಿಕೊಂಡಿತು. ಕಿಲೋಗೆ ಸಾವಿರಗಳ ಲೆಕ್ಕದಲ್ಲಿದ್ದ ಹಸಿ ಕೋಡು ನೋಡನೋಡುತ್ತಿದ್ದಂತೆ ನೂರರ ಲೆಕ್ಕಕ್ಕೆ ಇಳಿಯಿತು, ಕೇಳುವವರೂ ಇಲ್ಲವಾದರು. ಬಳ್ಳಿಗೆ ಕೊಳೆರೋಗ ಬಂತು. ಗ್ಲಿರಿಸಿಡಿಯಾ ಮಾತ್ರ ಉಳಿಯಿತು, ಅದರ ಸೊಪ್ಪು ಈಗಲೂ ಅಡಿಕೆ ಬುಡಕ್ಕೆ ಗೊಬ್ಬರ.

ಏಂಜಲ್ಸ್ ಶೇರ್ ಹಾಕಿಕೊಂಡು ಅರ್ಧ ಗಂಟೆಯಾದ ಮೇಲೆ ಬರುವುದು ಆ ಉಪ್ಪರಿಗೆಯ ಪರಿಮಳ. ಅಲ್ಲಿಯ ತನಕ ಬೇರೆ ನಾಟಕ ಇರುತ್ತದೆ. ಚರ್ಮಕ್ಕೆ ಬಿದ್ದ ಕೂಡಲೇ ಒಂದು ಚುರುಕು; ಸೆಂಟಿನ ದ್ರವದಲ್ಲಿ ಬಹುಪಾಲು ಹೇಗೂ ಮದ್ಯಸಾರವೇ, ಅದು ಹಾರುವಾಗಿನ ಚುರುಕಿನ ಮೇಲೆ ಕೊನ್ಯಾಕ್ ಎಣ್ಣೆಯ ಹುಳಿಮಿಶ್ರಿತ ಹಣ್ಣಿನ ವಾಸನೆ ಏರಿ ಕೂರುತ್ತದೆ. ಈ ಕೊನ್ಯಾಕ್ ಎಣ್ಣೆ ಎಂಬುದನ್ನು ವೈನ್ ಪೀಪಾಯಿಯ ತಳದಲ್ಲಿ ಉಳಿಯುವ ಯೀಸ್ಟಿನ ಗಸಿಯಿಂದ ಹಬೆ ಹಾಯಿಸಿ ತೆಗೆಯುತ್ತಾರೆ. ಎಸೆಯುವ ವಸ್ತುವಿನಿಂದ ಬಂದ ಬೆಲೆಬಾಳುವ ಎಣ್ಣೆ. ಆಮೇಲೆ ದಾಲ್ಚಿನ್ನಿ. ಪುಡಿ ಮಾಡಿದ್ದಲ್ಲ, ಪಾಯಸಕ್ಕೂ ಅಲ್ಲ, ಪಲಾವಿಗೂ ಅಲ್ಲ, ಕೆರೆದ ತೊಗಟೆಯದ್ದು. ಅದರ ಬೆನ್ನಿಗೇ ಟೊಂಕಾ. ದಕ್ಷಿಣ ಅಮೆರಿಕದ ಕಾಡಿನ ಮರವೊಂದರ ಕಪ್ಪು ಬೀಜ ಅದು, ಬಾದಾಮಿ, ಒಣಹುಲ್ಲು ಎರಡೂ ಸೇರಿದ ಪರಿಮಳ. ಸಾಂಪ್ರದಾಯಿಕವಾಗಿ ಈ ಬೀಜವನ್ನು ರಮ್ಮಿನಲ್ಲಿ ನೆನೆಹಾಕಿ ಒಣಗಿಸುತ್ತಾರೆ. ಆಗ ಮೈಮೇಲೆ ಕೂಮರಿನ್‌ನ ಬಿಳಿ ಹರಳು ಏಳುತ್ತದೆ. ಮೂರು ಗಂಟೆ ಕಳೆದರೆ ಸಿಹಿ ತಗ್ಗಿ ಒಣಮರ ಮುಂದೆ ಬರುತ್ತದೆ. ಮರುದಿನ ಶಾಲಿನಲ್ಲಿ ಉಳಿದಿರುವುದು ವೆನಿಲ್ಲಾ, ಗಂಧ ಎರಡೇ.

ತಿನ್ನುವ ವಸ್ತುವಿನ ಪರಿಮಳವನ್ನು ಮೈಗೆ ಹಚ್ಚಿಕೊಳ್ಳುವ ಈ ಬಗೆಯ ಸೆಂಟುಗಳಿಗೆ ಆ ಲೋಕದವರು ಗೂರ್ಮಾಂಡ್ ಎನ್ನುತ್ತಾರೆ. 1992ರಲ್ಲಿ ಬಂದ ಥಿಯೆರಿ ಮುಗ್ಲರ್ ಅವರ ಏಂಜಲ್‌ನಿಂದ ಈ ಹುಚ್ಚು ಶುರು. ಪರ್ಫ್ಯೂಮರ್ ಒಲಿವಿಯೆ ಕ್ರೆಸ್ಪ್ ಅದರಲ್ಲಿ ಈಥೈಲ್ ಮಾಲ್ಟಾಲ್ ಎಂಬ ರಾಸಾಯನಿಕವನ್ನು ಪಚೋಲಿಯ ಮಣ್ಣಿನ ವಾಸನೆಯ ಜತೆ ಧಾರಾಳವಾಗಿ ಸುರಿದರು. ಈಥೈಲ್ ಮಾಲ್ಟಾಲ್ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಏಪ್ರಿಲಿನ ಪುತ್ತೂರು ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ಯಂತ್ರದ ಪಕ್ಕ ನಿಂತರೆ ಸಾಕು. ನನಗೆ ಈ ಜಾತಿಯ ಹೆಚ್ಚಿನ ಸೆಂಟುಗಳು ಹಿಡಿಸುವುದಿಲ್ಲ. ಮಾಲಿನಲ್ಲಿ ಮಾರುವ ಕ್ಯಾರಮೆಲ್, ಸ್ಟ್ರಾಬೆರಿ, ಮಾರ್ಷ್‌ಮೆಲೋ ಎಲ್ಲ ಮಕ್ಕಳ ಹುಟ್ಟುಹಬ್ಬದ ಮನೆಯಿಂದ ಎದ್ದು ಬಂದವು. ಸಿಹಿಗೆ ಲಗಾಮು ಬೇಕು. ಅಮಲಿನ ಪರಿಮಳ ಆ ಕೆಲಸ ಮಾಡುತ್ತದೆ: ಕೊನ್ಯಾಕಿನ ಹುಳಿ, ಓಕಿನ ಒಗರು ಇಲ್ಲದಿದ್ದರೆ ಏಂಜಲ್ಸ್ ಶೇರ್ ಕೂಡ ಬೇಕರಿಯೇ.

ಇವರ, ಅಂದರೆ ನನ್ನ ಗಂಡನ ವಿಷಯ ಹೇಳಬೇಕು. ಇವರು ಜನ್ಮದಲ್ಲಿ ಪೌಡರು ಬಿಟ್ಟರೆ ಬೇರೆ ಮುಟ್ಟಿದವರಲ್ಲ. ಒಂದು ದಿನ ಬಾಟಲಿ ಎತ್ತಿ ತಿರುಗಿಸಿ ನೋಡಿ, "ಇದು ಹೆಂಗಸರದ್ದಲ್ವಾ?" ಎಂದು ಕೇಳಿದರು.

"ಎಲ್ಲಿ ಬರೆದಿದ್ದಾರೆ ತೋರಿಸಿ."

ಬರೆದಿರಲಿಲ್ಲ. ಕಂಪನಿಯವರು ಗಂಡಿಗೂ ಹೆಣ್ಣಿಗೂ ಎಂದೇ ಮಾರುತ್ತಾರೆ. ಯುನಿಸೆಕ್ಸ್ ಎಂದರೆ ದೊಡ್ಡ ಹೊಸ ಸಂಗತಿ ಎಂಬಂತೆ ಜಾಹೀರಾತಿನವರು ಆಡುತ್ತಾರೆ. 1994ರಲ್ಲಿ ಸಿಕೆ ಒನ್ ಎಂಬ ಸೆಂಟು ಬಂದಾಗ ಅಮೆರಿಕದಲ್ಲಿ ಅದೊಂದು ಸುದ್ದಿಯೇ ಆಗಿತ್ತಂತೆ. ನಮ್ಮ ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯರು ಬಂದವರು ಗಂಡೋ ಹೆಣ್ಣೋ ಎಂದು ಯಾವತ್ತು ನೋಡಿದ್ದಾರೆ? ಗಂಧದ ಬಟ್ಟಲು ಎಲ್ಲರ ಮುಂದೆಯೂ ಬರುತ್ತದೆ. ಶಿವಾಜಿನಗರದ ಅತ್ತರಿನ ಅಂಗಡಿಗೆ ಹೋದರೆ ಗಡ್ಡದ ಹಿರಿಯರು ಗುಲಾಬಿ, ಮಲ್ಲಿಗೆ, ಕೇದಿಗೆಯ ಅತ್ತರನ್ನು ಕಿವಿಯ ಮಡಿಕೆಗೆ ಹತ್ತಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೂವಿನದ್ದು ಹೆಂಗಸಿಗೆ, ಮರದ್ದು ಗಂಡಸಿಗೆ ಎಂಬ ಭಾಗಪತ್ರ ಮಾಡಿದ್ದು ಹೊರಗಿನ ಕಂಪನಿಗಳು. ಈಗ ಆ ಭಾಗಪತ್ರ ಹರಿದು ಹಾಕಿ ಅದಕ್ಕೂ ದುಡ್ಡು ಕೇಳುತ್ತಿವೆ.

ಇವರ ಮೈಮೇಲೆ ಅದೇ ಸೆಂಟು ಬೇರೆ ಥರ ಪರಿಮಳಿಸುತ್ತದೆ. ನನ್ನದು ಒಣಚರ್ಮ, ಕೊನ್ಯಾಕ್ ಹತ್ತು ನಿಮಿಷಕ್ಕೇ ಹಾರಿ ವೆನಿಲ್ಲಾ ಬೇಗ ಬರುತ್ತದೆ. ಇವರಲ್ಲಿ ಮರ ಮತ್ತು ದಾಲ್ಚಿನ್ನಿ ಮಧ್ಯಾಹ್ನದವರೆಗೂ ನಿಲ್ಲುತ್ತವೆ. ಯಾರದ್ದು ಚೆನ್ನ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಇನ್ನಷ್ಟು ಬೇಗ ಬಾಟಲಿ ಖಾಲಿಯಾದೀತು. ಪೌಡರಿನ ಮನುಷ್ಯ ಈಗ ಬ್ಯಾಂಕಿಗೆ ಹೋಗುವುದಕ್ಕೂ ಹಾಕಿಕೊಳ್ಳುತ್ತಾರೆ.

ಹಾಕಿಕೊಳ್ಳುವುದಕ್ಕೆ ಕಾಲ, ಜಾಗ ಉಂಟು. ಬೆಂಗಳೂರಿನ ಡಿಸೆಂಬರ್ ಸಂಜೆಗೆ, ಮಡಿಕೇರಿಯ ಮಳೆಗೆ ಹೇಳಿ ಮಾಡಿಸಿದ ಪರಿಮಳ. ಏಪ್ರಿಲಿನಲ್ಲಿ ಮಂಗಳೂರಿನ ಬೆವರಿಗೆ ಹಾಕಿಕೊಂಡರೆ ಸಿಹಿ ಗಂಟಲಿಗೆ ಇಳಿದು ನಮಗೇ ಹೊಟ್ಟೆ ತೊಳಸುತ್ತದೆ. ಸಂಪಾಜೆ ಘಾಟಿಯ ಬಸ್ಸಿನಲ್ಲಂತೂ ಬೇಡವೇ ಬೇಡ. ಪ್ಲಾಸ್ಟಿಕ್ ತೊಟ್ಟೆ ಹಿಡಿದು ಕೂತ ಮಕ್ಕಳ ಎದುರು ಪ್ರಾಲೀನ್ ಪರಿಮಳ ಬಿಡುವುದು ಪಾಪದ ಕೆಲಸ. ಆಫೀಸಿನ ಲಿಫ್ಟಿನಲ್ಲಿ ಇನ್ನೊಂದು ಸಮಸ್ಯೆ. ಸೋಮವಾರ ಬೆಳಗ್ಗೆ ಪಕ್ಕದಲ್ಲಿ ನಿಂತ ಹಿರಿಯ ಅಧಿಕಾರಿಯೊಬ್ಬರು ಗಾಳಿಯನ್ನು ಮೂಸಿ, ಅಲ್ಲಿದ್ದ ಗಂಡಸರನ್ನು ಒಬ್ಬೊಬ್ಬರಾಗಿ ದಿಟ್ಟಿಸಿ ನೋಡಿದರು. ಸೀರೆ ಉಟ್ಟ ನನ್ನ ಕಡೆಗೆ ಅವರ ಅನುಮಾನ ತಿರುಗಲೇ ಇಲ್ಲ. ಬಿಳಿ ಬಟ್ಟೆಯ ಮೇಲೆ ಹಾಕಬೇಡಿ, ಕಲೆ ಬಿದ್ದೀತು; ಬಿಸಿಲು ಬೀಳುವ ಕಡೆ ಇಡಬೇಡಿ. ಬಾಟಲಿಯ ದ್ರವ ವರ್ಷ ಕಳೆದಂತೆ ಕಪ್ಪಗಾದರೆ ಹಾಳಾಯಿತೆಂದು ಎಸೆಯುವುದೂ ಬೇಡ, ವೆನಿಲಿನ್ ಇರುವ ಸೆಂಟು ಕಂದು ಬಣ್ಣಕ್ಕೆ ತಿರುಗುವುದು ಸಹಜ.

ಬೆಲೆಯ ಮಾತು. ಐವತ್ತು ಮಿಲಿಲೀಟರಿಗೆ ಇನ್ನೂರು ಡಾಲರಿಗೂ ಮೇಲೆ. ಯಾವ ಲೆಕ್ಕದಲ್ಲಿಯೂ ಇದು ನ್ಯಾಯದ ದರ ಅಲ್ಲ. ಬಾಟಲಿಗೆ, ಹೆಸರಿಗೆ, ಮನೆತನಕ್ಕೆ ಎಲ್ಲಕ್ಕೂ ಸೇರಿಸಿ ಕೊಡುವ ದುಡ್ಡು. ದುಬೈಯ ಲತ್ತಾಫಾ ಕಂಪನಿ 2022ರಲ್ಲಿ ಖಮ್ರಾ ಎಂಬುದನ್ನು ಬಿಟ್ಟಿತು. ಬಾಟಲಿ ಅದೇ ಗ್ಲಾಸಿನ ಜಾತಿ, ಪರಿಮಳವೂ ಅದೇ ದಾರಿಯದ್ದು, ಬೆಲೆ ಇದರ ಹತ್ತಿರಕ್ಕೂ ಬರುವುದಿಲ್ಲ. ನಾನು ಎರಡನ್ನೂ ಎರಡು ಕೈಗೆ ಹಾಕಿಕೊಂಡು ಒಂದು ಭಾನುವಾರ ಪೂರ್ತಿ ಮೂಸಿದೆ. ಖಮ್ರಾದಲ್ಲಿ ಕೊನ್ಯಾಕಿನ ಜಾಗಕ್ಕೆ ಖರ್ಜೂರ ಕೂತಿದೆ. ದಪ್ಪ ಸಿಹಿ, ಮೊಂಡು, ಮರುದಿನದ ಸ್ನಾನಕ್ಕೂ ಜಗ್ಗುವುದಿಲ್ಲ. ಆರಂಭದ ಹುಳಿ ಚುರುಕು, ನಡುವಿನ ಓಕಿನ ಒಗರು ಅದರಲ್ಲಿ ಇಲ್ಲ. ಆದರೆ ಮಗನ ಕಾಲೇಜು ಫೀಸು ಕಟ್ಟುವ ಮನೆಯವರು ದಿನಬಳಕೆಗೆ ಖಮ್ರಾ ಕೊಂಡರೆ ನಾನು ತಪ್ಪೆನ್ನುವುದಿಲ್ಲ. ನಮ್ಮ ಮನೆಯಲ್ಲಿ ಈಗ ಅದೂ ಒಂದು ಇದೆ.

ಏಂಜಲ್ಸ್ ಶೇರ್ ಕೊಳ್ಳಲೇಬೇಕೆಂದಿದ್ದರೆ ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ದುಡ್ಡು ಎಣಿಸಬೇಡಿ. ಕಾಗದಕ್ಕೆ ಬೆವರಿಲ್ಲ, ಬಿಸಿಯೂ ಇಲ್ಲ. ಎರಡು ಮಿಲಿಲೀಟರಿನ ಸ್ಯಾಂಪಲ್ ತರಿಸಿ, ಚಳಿಗಾಲದ ಒಂದು ಸಂಜೆ ಕುತ್ತಿಗೆಯ ಹಿಂದೆ ಒಂದೇ ಒಂದು ಸಲ ಒತ್ತಿ, ಮನೆಯವರ ನಡುವೆ ಸುಮ್ಮನೆ ಕೂತುಕೊಳ್ಳಿ. ಬಾಣಂತನ ಮಾಡಿಸಿ ಪಳಗಿದ ಹಿರಿಯ ಹೆಂಗಸರು ಯಾರಾದರೂ ಊರಿನಿಂದ ಬಂದಿದ್ದರೆ ಅವರನ್ನು ಕೇಳಿ. ಯೂಟ್ಯೂಬಿನ ವಿಮರ್ಶೆಗಿಂತ ಅವರ ಮಾತನ್ನು ನಂಬಬಹುದು.